ಕ್ಯಾಮೆರಾ ಮಾರಲೊಲ್ಲದ ಅಂಗಡಿಯವನು

“ಇದನ್ನ ನಿಮಗೆ ಮಾರಲ್ಲ.”

ನೋರೆಲಿ ಗಾಜಿನ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ. ಬೆರಳಿನ ಕೆಳಗೆ, ಗಾಜಿನೊಳಗೆ, ಹೊಳೆಯುವ ಕಪ್ಪು ಕ್ಯಾಮೆರಾ ಕೂತಿತ್ತು. ಪಕ್ಕದಲ್ಲೇ ಬೆಲೆಯ ಚೀಟಿ. ಮಾರುವುದಕ್ಕಲ್ಲದಿದ್ದರೆ ಬೆಲೆ ಯಾಕೆ ಬರೆದಿಡುತ್ತಾರೆ?

ಅಂಗಡಿಯಲ್ಲಿ ಹೇಗೆ ಮಾತಾಡಬೇಕೆಂದು ಅವಳು ಮೂರು ದಿನದಿಂದ ಮನಸ್ಸಿನಲ್ಲೇ ಉರು ಹೊಡೆದಿದ್ದಳು. ಬೆಲೆ ಜಾಸ್ತಿ ಹೇಳಿದರೆ ಏನನ್ನಬೇಕು, ಎಷ್ಟಕ್ಕೆ ಕೇಳಬೇಕು, ಯಾವಾಗ ಎದ್ದು ಹೋಗುವಂತೆ ನಟಿಸಬೇಕು... ಎಲ್ಲ ತಯಾರಿತ್ತು. ಕೊಡುವುದೇ ಇಲ್ಲ ಎಂದರೆ ಏನು ಹೇಳಬೇಕೆಂಬುದು ಮಾತ್ರ ತಯಾರಿರಲಿಲ್ಲ.

“ಯಾಕೆ?”

“ಇದರಲ್ಲಿ ಏನು ತೆಗೀತೀರಾ?”

“ಬಿಸಿಕ್ರಾಸ್.”

ಅವನು ಆಗ ತಲೆಯೆತ್ತಿದ. ಉದ್ದನೆಯ ಆಳು. ಲೆನ್ಸು ಒರೆಸುವ ಬ್ರಷ್ಷನ್ನು ಬಡಗಿಯ ಪೆನ್ಸಿಲಿನಂತೆ ಕಿವಿಗೆ ಸಿಕ್ಕಿಸಿಕೊಂಡಿದ್ದ. ಇಬ್ಬರು ನಿಂತರೆ ತುಂಬಿಹೋಗುವ ಆ ಅಂಗಡಿಯಲ್ಲಿ ಅವನ ಮೊಣಕೈ ಎಲ್ಲಾದರೂ ತಾಗುತ್ತಲೇ ಇತ್ತು. ಅವಳ ಮುಖ ನೋಡಿದ, ಆಮೇಲೆ ಅವಳ ಬೂಟಿನ ಅಂಚಿಗೆ ಮೆತ್ತಿದ್ದ ಕೆಂಪು ಮಣ್ಣು ನೋಡಿದ.

“ಹಾಗಾದ್ರೆ ಖಂಡಿತಾ ಮಾರಲ್ಲ.”

‘ಇವನಿಗೇನು ತಲೆ ಕೆಟ್ಟಿದೆಯಾ?’ ಎಂದುಕೊಂಡಳು ನೋರೆಲಿ. ಅವಳ ಸ್ವಭಾವವೇ ಹಾಗೆ. ಜಗಳವೆಲ್ಲ ಒಳಗೇ ನಡೆದು, ಒಳಗೇ ಗೆದ್ದು, ಹೊರಗೆ ಬರೀ “ಸರಿ” ಎನ್ನುವುದು.

ಅವನು ಮಾತ್ರ ಮಾತಾಡಿದ. ಮಾತಾಡಿದ, ಮಾತಾಡಿದ. ಈ ಕ್ಯಾಮೆರಾ ನಿಂತ ಮುಖಕ್ಕೆ, ಹುಟ್ಟುಹಬ್ಬದ ಕೇಕಿಗೆ ಒಳ್ಳೆಯದು, ಓಡುವುದಕ್ಕಲ್ಲ. ಗುಂಡಿ ಒತ್ತಿ ಹಿಡಿದರೆ ಆರೇಳು ಫೋಟೊಗೆ ಇದರ ಹೊಟ್ಟೆ ತುಂಬಿಹೋಗುತ್ತದೆ. ಆಮೇಲೆ ಅದನ್ನೆಲ್ಲ ಜೀರ್ಣಿಸಿಕೊಳ್ಳುವವರೆಗೆ ಕೆಂಪು ದೀಪ ಹಾಕಿಕೊಂಡು ಮುನಿಸಿಕೊಂಡು ಕೂರುತ್ತದೆ. ಮೆಗಾಪಿಕ್ಸೆಲ್ ನೋಡಿ ಜನ ಮೋಸಹೋಗುತ್ತಾರೆ. ಮುಂದಿನ ಶನಿವಾರ ಬನ್ನಿ, ಬೇರೆ ಏನಾದರೂ ನೋಡಿಡುತ್ತೇನೆ ಎಂದ.

“ಸರಿ,” ಎಂದಳು ನೋರೆಲಿ.

ಹೊರಗೆ ಬಂದು ಪೆರೇರಾ ನಗರದ ಮಧ್ಯಾಹ್ನದ ಬಿಸಿಲಲ್ಲಿ ನಿಂತಾಗ ಮೈಯೆಲ್ಲ ಉರಿಯಿತು. ಒಂಬತ್ತು ಲಕ್ಷ ಪೆಸೊ ಕಿಸೆಯಲ್ಲಿಟ್ಟುಕೊಂಡು ಬಂದವಳನ್ನು ಬರಿಗೈಯಲ್ಲಿ ಕಳಿಸುವ ವ್ಯಾಪಾರಿಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಅವಳಿಗೆ ಕಾಯಲು ಪುರಸೊತ್ತೂ ಇರಲಿಲ್ಲ.

ಊರಾಚೆಯ ಬಿಸಿಕ್ರಾಸ್ ಮೈದಾನದಲ್ಲಿ ಎಂಟೆಂಟು ಮಕ್ಕಳು ಪುಟ್ಟ ಸೈಕಲ್ಲುಗಳಲ್ಲಿ ಮಣ್ಣಿನ ದಿಬ್ಬಗಳನ್ನು ಹಾರಿ ನಲವತ್ತು ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸುತ್ತಾರೆ. ಬೇಲಿಯ ಒಳಗೆ ನಿಂತು ಫೋಟೊ ತೆಗೆಯಲು ಒಬ್ಬರಿಗೆ ಮಾತ್ರ ಅಪ್ಪಣೆ. ಆ ಒಬ್ಬರಿಗೆ ಕ್ಲಬ್ಬಿನ ಕಿತ್ತಳೆ ಬಣ್ಣದ ಜಾಕೀಟು. ಜಾಕೀಟು ಇದ್ದವರಿಗೆ ವರ್ಷವಿಡೀ ಪ್ರತಿ ಭಾನುವಾರ ಕೆಲಸ. ಮಕ್ಕಳ ಅಮ್ಮಂದಿರು ಸೋಮವಾರ ಬೆಳಗಾಗುವಷ್ಟರಲ್ಲಿ ಫೋಟೊ ಕೇಳಿಕೊಂಡು ಸಂದೇಶ ಕಳಿಸುತ್ತಾರೆ. ಹಿಂದಿನ ಫೋಟೊಗ್ರಾಫರ್ ಬೊಗೊಟಾಕ್ಕೆ ಹೋಗಿಬಿಟ್ಟಿದ್ದ. ಜಾಕೀಟು ಖಾಲಿ ಬಿದ್ದಿತ್ತು.

ಕ್ಲಬ್ಬಿನ ಒಡತಿ, ತರಬೇತುದಾರಳು, ಎಲ್ಲವೂ ಆದ ಎದಿಲ್ಮಾ ಟೀಚರ್ ನೋರೆಲಿಗೆ ಒಂದು ತಿಂಗಳ ಗಡುವು ಕೊಟ್ಟಿದ್ದರು. ಜಿಲ್ಲಾ ಪಂದ್ಯದ ಭಾನುವಾರ ಪರೀಕ್ಷೆ. ಷರತ್ತು ಒಂದೇ: ಗೆದ್ದವರದ್ದಷ್ಟೇ ಅಲ್ಲ, ಓಡಿದ ಪ್ರತಿಯೊಂದು ಮಗುವಿನ ಫೋಟೊ ಬೇಕು, ಸೈಕಲ್ಲಿನ ನಂಬರ್ ಫಲಕ ಕಾಣಬೇಕು. ಹೆಲ್ಮೆಟ್ಟಿನೊಳಗೆ ಎಲ್ಲ ಮಕ್ಕಳೂ ಒಂದೇ. ನಂಬರ್ ಕಾಣದಿದ್ದರೆ ಅಮ್ಮಂದಿರಿಗೆ ಅದು ಯಾರದೋ ಮಗು.

ನೋರೆಲಿ ಅದೇ ಮೈದಾನದಲ್ಲಿ ಒಂಬತ್ತು ವರ್ಷ ಸೈಕಲ್ ಓಡಿಸಿದ್ದಳು. ಯಾವಾಗಲೂ ಕೊನೆಯವಳು, ತಪ್ಪಿದರೆ ಕೊನೆಯವಳಿಗಿಂತ ಒಬ್ಬಳು ಮುಂದೆ. ಆ ಒಂಬತ್ತು ವರ್ಷದ ಒಂದೇ ಒಂದು ಫೋಟೊ ಮನೆಯಲ್ಲಿಲ್ಲ. ಕೊನೆಯವರ ಕಡೆಗೆ ಆಗ ಯಾರೂ ಕ್ಯಾಮೆರಾ ತಿರುಗಿಸುತ್ತಿರಲಿಲ್ಲ. ಈಗ ನೋಟರಿ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದಳು. ‘ಗಲ್ಲ ಮೇಲೆತ್ತಿ, ನಗಬೇಡಿ.’ ದಿನಕ್ಕೆ ಅರವತ್ತು ಸಲ ಅದೇ ಮಾತು.

ಆ ಜಾಕೀಟು ಸಿಕ್ಕರೆ...

ಸಿಗಬೇಕಾದರೆ ಕ್ಯಾಮೆರಾ ಬೇಕು. ಕ್ಯಾಮೆರಾ ಬೇಕಾದರೆ ಆ ಕಿವಿಗೆ ಬ್ರಷ್ ಸಿಕ್ಕಿಸಿಕೊಂಡ ಮನುಷ್ಯ ಮಾರಬೇಕು.

*

ಎರಡನೇ ಶನಿವಾರ ಹೋದಳು. ಅವನ ಹೆಸರು ಫಾಬೆರ್ ಎಂದು ಅವತ್ತು ತಿಳಿಯಿತು; ಅವಳ ಹೆಸರನ್ನೂ ಅವನು ಕೇಳಿಕೊಂಡ. ಅವನು ಒಂದು ಕ್ಯಾಮೆರಾ ತೋರಿಸಿದ. ಕೈಗೆ ಕೊಟ್ಟ, ನೋಡಲು ಬಿಟ್ಟ, ಅವಳ ಮುಖ ಅರಳುತ್ತಿದ್ದಂತೆ ವಾಪಸ್ಸು ತೆಗೆದುಕೊಂಡ.

“ಇದೂ ಬೇಡ. ದುಡ್ಡೆಲ್ಲ ಕ್ಯಾಮೆರಾ ಡಬ್ಬಕ್ಕೇ ಸುರೀಬಾರ್ದು, ಲೆನ್ಸಿಗೆ ಉಳಿಸ್ಕೋಬೇಕು. ಬೇಲಿಯಿಂದ ದಿಬ್ಬಕ್ಕೆ ಎಷ್ಟು ದೂರ?”

“ಹದಿನೈದು ಹೆಜ್ಜೆ.”

“ನಿಮ್ಮ ಹೆಜ್ಜೆಯಾ ನನ್ನ ಹೆಜ್ಜೆಯಾ?”

ನೋರೆಲಿ ಅವನ ಕಾಲು ನೋಡಿದಳು. “ನಿಮ್ಮದಾದ್ರೆ ಹತ್ತು.”

ಅವನು ನಕ್ಕ. ನಗುವಾಗ ಅವನ ಮುಖ ಇದ್ದಕ್ಕಿದ್ದಂತೆ ಹತ್ತು ವರ್ಷ ಚಿಕ್ಕದಾಯಿತು. ನೋರೆಲಿಗೆ ಅದು ಯಾಕೋ ಇಷ್ಟವಾಗಿ, ಇಷ್ಟವಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಕಾಲಿ ನಗರದಿಂದ ಒಂದು ಹಳೆಯ ಲೆನ್ಸು ಬರುವುದಿದೆ, ಮುಂದಿನ ಶನಿವಾರ ಖಂಡಿತ ಎಂದ. ಪಕ್ಕದ ಗಾಡಿಯಿಂದ ಎರಡು ಲೋಟ ಕಪ್ಪು ಕಾಫಿ ತರಿಸಿದ. ವ್ಯಾಪಾರವೇ ಆಗದ ಗಿರಾಕಿಗೆ ಕಾಫಿ ಬೇರೆ!

ಮೂರನೇ ಶನಿವಾರ ಲೆನ್ಸು ಬಂದಿತ್ತು. ಆದರೆ ಅದರ ಮೋಟಾರು ನಿಧಾನ ಎಂದು ಫಾಬೆರ್ ಅದನ್ನು ಆಗಲೇ ವಾಪಸ್ಸು ಕಳಿಸಿದ್ದ.

“ತೋರಿಸ್ದೇನೇ ಕಳಿಸಿಬಿಟ್ರಾ?”

“ತೋರಿಸಿದ್ರೆ ನೀವು ತಗೊಂಡುಬಿಡ್ತಿದ್ರಿ.”

“ಅದಕ್ಕೇ ತಾನೇ ಅಂಗಡಿ ಇಟ್ಟಿರೋದು?”

ಅಷ್ಟು ಜೋರಾಗಿ ತಾನೇ ಮಾತಾಡಿದೆನೇ ಎಂದು ನೋರೆಲಿಗೆ ಆಶ್ಚರ್ಯವಾಯಿತು. ಎದುರಿನ ಕ್ಯಾಮೆರಾ ಅಂಗಡಿಯ ಒಡತಿ ದೊನ್ಯಾ ಓಫಿರ್ ಕೂಡ ತಲೆ ಹೊರಗೆ ಹಾಕಿ ನೋಡಿದರು. ಫಾಬೆರ್ ಮಾತ್ರ ಬೈಸಿಕೊಂಡವನಂತೆ ಕಾಣಲಿಲ್ಲ. ಅವಳು ಇನ್ನೊಂದು ಮಾತು ಹೇಳುತ್ತಾಳೇನೋ ಎಂದು ಕಾಯುತ್ತಿದ್ದವನಂತೆ ಕಂಡ.

ಅವತ್ತು ಅವನ ಕೈಯಲ್ಲಿ ಒಂದು ಹಳೆಯ ಕ್ಯಾಮೆರಾ ಇತ್ತು. ಮೂಲೆಗಳಲ್ಲಿ ಬಣ್ಣ ಹೋಗಿ ಲೋಹ ಕಾಣುತ್ತಿತ್ತು. ಹಿಡಿಯುವ ಜಾಗದ ರಬ್ಬರು ಸವೆದು ನುಣುಪಾಗಿತ್ತು. ಯಾವುದೋ ಪತ್ರಿಕೆಯ ಆಟೋಟದ ವರದಿಗಾರನದ್ದಂತೆ. ಅದನ್ನು ಕಿಟಕಿಯ ಕಡೆ ಹಿಡಿದು ಅವನು ಗುಂಡಿ ಒತ್ತಿದ. ಟರ್ರ್ ಎಂದು ಹೊಲಿಗೆ ಯಂತ್ರದ ಸದ್ದು. ನಿಲ್ಲಲೇ ಇಲ್ಲ. ನೋರೆಲಿಯ ಎದೆ ಅದರ ಜೊತೆಗೇ ಓಡಿತು.

ಅದು ಎಷ್ಟು ಎಂದು ಕೇಳಿದಳು.

ಫಾಬೆರ್ ಅದನ್ನು ಕಪಾಟಿನೊಳಗೆ ಇಟ್ಟ. ಇನ್ನೂ ರಿಪೇರಿ ಇದೆ, ಈಗ ಹೇಳಲಾರೆ ಎಂದ.

ಮನೆಯಲ್ಲಿ ಅಮ್ಮ ಅರೆಪಾ ಎಂಬ ಜೋಳದ ರೊಟ್ಟಿ ಸುಡುತ್ತಾ ಈ ಕಥೆಯನ್ನೆಲ್ಲ ಕೇಳಿಸಿಕೊಂಡಳು. ಕೊನೆಗೆ ಬೆಂಕಿ ಸಣ್ಣಗೆ ಮಾಡಿ ಕೇಳಿದಳು, “ಒಂದು ಮಾತು ಹೇಳು ಮಗಳೇ. ನೀನು ಕ್ಯಾಮೆರಾ ಕೊಳ್ಳೋಕೆ ಹೋಗ್ತಿದೀಯೋ, ನನಗೆ ಅಳಿಯನ್ನ ತರೋಕೋ?”

ತಂಗಿ ಸಿರ್ಲೆ ಬಾಯಲ್ಲಿದ್ದ ಬೆಲ್ಲದ ನೀರನ್ನು ಮೂಗಿನಿಂದ ಹೊರಗೆ ಬಿಟ್ಟಳು.

ನೋರೆಲಿ ತಟ್ಟೆ ತೆಗೆದುಕೊಂಡು ಅಂಗಳಕ್ಕೆ ಹೋಗಿ ಒಬ್ಬಳೇ ತಿಂದಳು. ‘ಅಳಿಯನಂತೆ. ಆ ಮನುಷ್ಯನ ಬಾಯಿಂದ ಒಂದು ಹೂಂ ಬರಿಸೋಕೆ ಇಷ್ಟು ವಾರ. ಅಂಥವನ ಜೊತೆ ಸಂಸಾರ ಮಾಡಿದರೆ ಕುಕ್ಕರ್ ಕೊಳ್ಳೋಕೆ ಎಷ್ಟು ವರ್ಷ ಬೇಕೋ!’ ಆಮೇಲೆ ಗಲ್ಲ ಬಿಸಿಯಾಯಿತು. ಸಂಸಾರದವರೆಗೆ ಯಾಕೆ ಹೋಯಿತು ಯೋಚನೆ? ಯಾರು ಕೇಳಿದರು?

*

ನಾಲ್ಕನೇ ಶನಿವಾರ. ಮರುದಿನವೇ ಪಂದ್ಯ.

ಅವಳು ಅಂಗಡಿಗೆ ಹೋದಾಗ ಬಣ್ಣ ಹೋದ ಆ ಹಳೆಯ ಕ್ಯಾಮೆರಾ ಕಪಾಟಿನಲ್ಲಿ ಶುಭ್ರವಾಗಿ ಒರೆಸಿ ಇಡಲ್ಪಟ್ಟಿತ್ತು. ಅದರ ಪಟ್ಟಿಗೆ ಒಂದು ಚೀಟಿ ಕಟ್ಟಿತ್ತು. ‘ಕಾಯ್ದಿರಿಸಿದೆ.’

ಹೆಸರಿರಲಿಲ್ಲ.

“ಯಾರಿಗೆ?” ಎಂದಳು.

ಫಾಬೆರ್‌ನ ಕಿವಿ ಕೆಂಪಾಯಿತು. ಲೆನ್ಸುಗಳ ಬಗ್ಗೆ ಅರ್ಧ ಗಂಟೆ ಉಸಿರು ಬಿಡದೆ ಮಾತಾಡುವವನು ಆಗ ಬ್ರಷ್ಷನ್ನು ಕಿವಿಯಿಂದ ತೆಗೆದ, ಮತ್ತೆ ಸಿಕ್ಕಿಸಿದ, ಕೊನೆಗೆ, “ಒಬ್ಬರಿಗೆ...” ಎಂದ. “ಅದರ ಒಂದು ಬಿಡಿಭಾಗ ಬರಬೇಕಿತ್ತು. ಸೋಮವಾರ ಬರುತ್ತೆ. ನೀವು ಮುಂದಿನ ಶನಿವಾರ...”

“ನಾಳೆ ಪಂದ್ಯ ಇದೆ.”

“ನಾಳೆ?”

“ಮೊದಲನೇ ದಿನವೇ ಹೇಳಿದ್ದೆ.”

ನಿಜವಾಗಿ ಹೇಳಿದ್ದಳೇ? ಅವಳಿಗೂ ಖಾತ್ರಿಯಿರಲಿಲ್ಲ. ಮನಸ್ಸಿನಲ್ಲಿ ನೂರು ಸಲ ಹೇಳಿದ್ದಳು. ಆದರೆ ಆ ಕ್ಷಣಕ್ಕೆ ಅದೆಲ್ಲ ಮುಖ್ಯವಾಗಿರಲಿಲ್ಲ. ಯಾರೋ ಒಬ್ಬರು ಇದ್ದಾರೆ. ಇವಳಿಗೆ ಬೇಡ ಬೇಡ ಎನ್ನುತ್ತಲೇ ಒಳ್ಳೆಯದನ್ನು ಆ ಒಬ್ಬರಿಗೆ ತೆಗೆದಿಟ್ಟಿದ್ದಾನೆ. ನಾಲ್ಕು ಶನಿವಾರ ಕಾಫಿ ಕುಡಿಸಿ, ನಗಿಸಿ, ಹೆಜ್ಜೆ ಎಣಿಸಿ...

ಕಣ್ಣು ತುಂಬುವ ಮೊದಲೇ ತಿರುಗಿದಳು. ಎದುರಿನ ಅಂಗಡಿಗೆ ನಾಲ್ಕೇ ಹೆಜ್ಜೆ. ದೊನ್ಯಾ ಓಫಿರ್ ಎರಡೂ ಕೈ ಚಾಚಿದರು. “ಬಾ ನನ್ನ ರಾಣಿ, ನಾನಂತೂ ಬಂದೋರನ್ನ ವಾಪಸ್ ಕಳಿಸಲ್ಲ.”

ಅಲ್ಲಿ ಅದೇ ಹೊಳೆಯುವ ಕಪ್ಪು ಕ್ಯಾಮೆರಾ ಇತ್ತು. ಮೊದಲನೇ ದಿನ ಫಾಬೆರ್ ಕೊಡಲ್ಲ ಎಂದಿದ್ದದ್ದೇ. ನೋರೆಲಿ ಚೌಕಾಶಿಯನ್ನೂ ಮಾಡಲಿಲ್ಲ. ಫಾಬೆರ್ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಕೈ ಅರ್ಧ ಎತ್ತಿದ್ದನ್ನು ಅವಳು ಕಂಡಳು. ಕಾಣದವಳಂತೆ ಹೊರಟುಹೋದಳು.

*

ಭಾನುವಾರ ಬೆಳಗ್ಗೆ ಎದಿಲ್ಮಾ ಟೀಚರ್ ಜಾಕೀಟನ್ನು ಅವಳ ಹೆಗಲಿಗೆ ಹಾಕಿ, “ಇವತ್ತಿನ ಮಟ್ಟಿಗೆ,” ಎಂದರು. ನೂರ ನಲವತ್ತು ಮಕ್ಕಳು. ಪ್ರತಿ ಮಗುವಿಗೂ ಮೂರು ಸುತ್ತು. ಮಧ್ಯಾಹ್ನ ತಾನು ಒಂದೊಂದೇ ನಂಬರ್ ಹಿಡಿದು ನೋಡುವುದಾಗಿ ಹೇಳಿ ಟೀಚರ್ ಸೀಟಿ ಬಾಯಿಗಿಟ್ಟು ಹೋದರು.

ದಿಣ್ಣೆಯ ತುದಿಯಲ್ಲಿ, ಓಟ ಶುರುವಾಗುವವರೆಗೆ ಮಕ್ಕಳನ್ನು ತಡೆದು ನಿಲ್ಲಿಸುವ ಗೇಟು. ಧ್ವನಿವರ್ಧಕದಲ್ಲಿ ಮುದ್ರಿಸಿಟ್ಟ ಗಂಡಸಿನ ದನಿ, ಇಂಗ್ಲಿಷಿನಲ್ಲಿ ಸಿದ್ಧರಾಗಿ ಎನ್ನುತ್ತದೆ. ಮಕ್ಕಳಲ್ಲಿ ಅದರ ಅರ್ಥ ಗೊತ್ತಿದ್ದವರು ಕಮ್ಮಿ, ಆದರೆ ಕೇಳಿದರೆ ಎಲ್ಲರ ಬೆನ್ನೂ ನೆಟ್ಟಗಾಗುತ್ತದೆ. ಆಮೇಲೆ ನಾಲ್ಕು ಪೀಪಿ. ಗೇಟು ದಡಾರನೆ ಬಿತ್ತು.

ನೋರೆಲಿ ಗುಂಡಿ ಒತ್ತಿ ಹಿಡಿದಳು.

ಎಲ್ಲರೂ ಮಾಡುವ ತಪ್ಪೇ ಅದು. ಗೇಟು ಬಿದ್ದ ಸದ್ದಿಗೆ ಬೆರಳು ತಾನಾಗಿ ಒತ್ತಿಕೊಳ್ಳುತ್ತದೆ. ಎಂಟು ಹೆಲ್ಮೆಟ್ಟುಗಳು ಒಂದೇ ಸಾಲಿನಲ್ಲಿ ಧುಮುಕುವುದು ನೋಡಲು ಚೆಂದ. ಒಂದು, ಎರಡು, ಮೂರು... ಏಳು. ಕ್ಯಾಮೆರಾ ನಿಂತಿತು. ಹಿಂಬದಿಯಲ್ಲಿ ಕೆಂಪು ದೀಪ.

“ಏಳೋ...” ಎಂದಳು ಅದಕ್ಕೆ. ಏಳಲಿಲ್ಲ. ಮುಂದಿನ ಮಕ್ಕಳು ಮೊದಲ ದಿಬ್ಬ ಹಾರಿದರು, ಎರಡನೆಯದು ಹಾರಿದರು, ತಿರುವಿಗೆ ಹೋದರು. ಎಲ್ಲರಿಗಿಂತ ಹಿಂದೆ ಒಂದು ಪುಟ್ಟ ಹುಡುಗಿ ಸೈಕಲ್ಲಿನ ಮೇಲೆ ನಿಂತು ತುಳಿಯುತ್ತಾ ದಿಬ್ಬವೇರಿ, ಅವಳ ಎದುರೇ ಹಾದುಹೋದಳು. ಕೆಂಪು ದೀಪ ಹಾಗೇ ಉರಿಯುತ್ತಿತ್ತು.

ಎರಡನೇ ಗುಂಪು, ಮೂರನೇ ಗುಂಪು. ಅದೇ ಕಥೆ. ಫಾಬೆರ್ ಹೇಳಿದ್ದ ಮಾತು ಒಂದಕ್ಷರವೂ ಸುಳ್ಳಾಗಲಿಲ್ಲ. ಆ ಸತ್ಯಕ್ಕೇ ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಸರಿಯಾಗಿ ಹೇಳಿದವನ ಮೇಲೆ ಕೋಪ ಮಾಡಿಕೊಳ್ಳುವುದು ಎಷ್ಟು ಕಷ್ಟ!

ಮೊದಲ ಸುತ್ತು ಮುಗಿದಾಗ ಅವಳ ಬಳಿ ಗೇಟಿನ ಫೋಟೊಗಳು ರಾಶಿ ಇದ್ದವು. ಅವುಗಳಲ್ಲಿ ನಂಬರ್ ಕಾಣುತ್ತಿದ್ದದ್ದು ಮುಂದಿನ ಇಬ್ಬರು ಮೂವರದ್ದು ಮಾತ್ರ.

ಅವಳು ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತಳು. ಅಳಬೇಕೆನಿಸಿತು. ಅಳಲಿಲ್ಲ. ಎದುರಿನ ಎರಡನೇ ದಿಬ್ಬವನ್ನು ನೋಡಿದಳು. ಆ ದಿಬ್ಬದಿಂದ ಅವಳು ಎಷ್ಟು ಸಲ ಬಿದ್ದಿಲ್ಲ! ಅದರ ನೆತ್ತಿಯಲ್ಲಿ ಎಂಥ ಚುರುಕಾದ ಮಗುವೂ ಒಂದು ಉಸಿರಿನಷ್ಟು ಹೊತ್ತು ನಿಧಾನವಾಗುತ್ತದೆ. ಮುಂದಿನ ಚಕ್ರ ಮೇಲೇಳುತ್ತದೆ, ನಂಬರ್ ಫಲಕ ನೇರ ಎದುರಿಗೆ ಬರುತ್ತದೆ. ಮುಂದಿದ್ದವರಿಗೂ ಹಾಗೇ, ಕೊನೆಯವರಿಗೂ ಹಾಗೇ.

ಎದ್ದು ಆ ಕಡೆಗೆ ನಡೆದಳು. ಒತ್ತಿ ಹಿಡಿದರೆ ಸಾಲುಸಾಲು ಫೋಟೊ ಬರುವುದನ್ನು ನಿಲ್ಲಿಸಿದಳು. ಲೆನ್ಸನ್ನು ಕೈಯಲ್ಲೇ ತಿರುಗಿಸಿ ದಿಬ್ಬದ ನೆತ್ತಿಯ ಮಣ್ಣಿನ ಹರಳುಗಳು ಚೊಕ್ಕವಾಗಿ ಕಾಣುವಂತೆ ಮಾಡಿ, ಮತ್ತೆ ಅದನ್ನು ಮುಟ್ಟಲಿಲ್ಲ. ಒಂದು ಮಗುವಿಗೆ ಒಂದೇ ಒತ್ತು. ತಪ್ಪಿದರೆ ತಪ್ಪಿತು.

ಎರಡನೇ ಸುತ್ತಿನ ಗೇಟು ಬಿತ್ತು. ಅವಳ ಬೆರಳು ಅಲ್ಲಾಡಲಿಲ್ಲ. ಬರಲಿ... ಬರಲಿ... ಈಗ.

ಒಂದು. ಮತ್ತೆ ಒಂದು. ಇನ್ನೊಂದು. ಕೆಂಪು ದೀಪ ಹತ್ತಲೇ ಇಲ್ಲ.

“ನೋರೆಲಿ!”

ಬೆನ್ನ ಹಿಂದೆ, ಬೇಲಿಯಾಚೆ, ಫಾಬೆರ್ ನಿಂತಿದ್ದ. ಬೆವರಿದ್ದ. ಎದೆಗೆ ಒಂದು ಚೀಲ ಅವುಚಿಕೊಂಡಿದ್ದ. ಅವನ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅದೇ ಮೊದಲು ಎಂಬುದು ಅವಳಿಗೆ ಬೇಡವಾದ ಸಮಯದಲ್ಲಿ ಹೊಳೆಯಿತು.

“ಭಾನುವಾರ ಅಂಗಡಿ ರಜ,” ಎಂದಳು, ತಿರುಗದೆ.

“ಇದನ್ನ ತಗೊಳ್ಳಿ. ಹಳೇದು. ಆ ಬಿಡಿಭಾಗ ಬೇರೆ ಕ್ಯಾಮೆರಾದಿಂದ ಕಿತ್ತು ಹಾಕಿದೀನಿ. ಓಡುತ್ತೆ.”

“ಕಾಯ್ದಿರಿಸಿದ್ದಲ್ವಾ ಅದು?”

“ನಿಮಗೇ ಕಾಯ್ದಿರಿಸಿದ್ದು.”

ಧ್ವನಿವರ್ಧಕದಲ್ಲಿ ಗಂಡಸು ಇಂಗ್ಲಿಷಿನಲ್ಲಿ ಏನೋ ಅಂದ. ನೋರೆಲಿ ಕಣ್ಣನ್ನು ಕ್ಯಾಮೆರಾಕ್ಕೆ ಅಂಟಿಸಿ, “ಸುಮ್ನಿರಿ,” ಎಂದಳು. ಎಂಟು ಮಕ್ಕಳು ಬಂದರು. ಎಂಟು ಸಲ ಒತ್ತಿದಳು. ಕೊನೆಯದು ಬೇಗ ಒತ್ತಿಬಿಟ್ಟಳೇ ಎಂದು ಅನುಮಾನವಾಯಿತು.

“ಈಗ ಹೇಳಿ.”

“ನಿಮಗೇ ತೆಗೆದಿಟ್ಟಿದ್ದು. ಎರಡನೇ ಶನಿವಾರದಿಂದಲೇ. ನಮ್ಮ ಸೋದರಮಾವನ ಅಂಗಡಿ ಅದು. ನಿಮ್ಮ ಹತ್ರ ಇರೋ ದುಡ್ಡಿಗೆ ಕೊಡೋಕೆ ಅವರು ಒಪ್ಪಲಿಲ್ಲ. ಒಪ್ಪಿಸೋ ಹೊತ್ತಿಗೆ...”

ಪೀಪಿ ಪೀಪಿ ಪೀಪಿ ಪೀಪಿ. ದಡಾರ್.

“ಸುಮ್ನಿರಿ ಅಂದೆ.”

ಈ ಸಲ ಅವಳು ಎಂಟನ್ನೂ ಸರಿಯಾಗಿ ಹಿಡಿದಳು. ಕ್ಯಾಮೆರಾ ಕೆಳಗಿಳಿಸಿ ಮೊದಲ ಬಾರಿಗೆ ಅವನ ಕಡೆ ತಿರುಗಿದಳು. ಅವನ ಕಿವಿಯ ಮೇಲೆ ಬ್ರಷ್ ಇರಲಿಲ್ಲ. ಅದಿಲ್ಲದೆ ಅವನು ಯಾರೋ ಶಾಲೆಗೆ ತಡವಾಗಿ ಬಂದವನಂತೆ ಕಂಡ.

“ಹಾಗಾದ್ರೆ ಅದನ್ನೇ ಹೇಳಬಹುದಿತ್ತಲ್ಲ. ನಿಮ್ಮದೇ, ಒಂದು ವಾರ ತಡೀರಿ ಅಂತ. ಯಾಕೆ ಹೇಳ್ಲಿಲ್ಲ?”

ಫಾಬೆರ್ ಬೇಲಿಯ ತಂತಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡ. “ಲೆನ್ಸಿನ ಮೋಟಾರು ಅಷ್ಟೇನೂ ನಿಧಾನ ಇರಲಿಲ್ಲ,” ಎಂದ.

“ಏನು?”

“ಮೂರನೇ ಶನಿವಾರದ್ದು. ಅದು ಸಾಕಾಗ್ತಿತ್ತು. ಮಾವನನ್ನ ಆಗಲೇ ಒಪ್ಪಿಸಿ, ಬಿಡಿಭಾಗನೂ ಹಾಕಿ, ಕ್ಯಾಮೆರಾ ಲೆನ್ಸು ಎರಡನ್ನೂ ಅವತ್ತೇ ಕೊಡಬಹುದಿತ್ತು... ಕೊಟ್ಟುಬಿಟ್ರೆ ನೀವು ನಾಲ್ಕನೇ ಶನಿವಾರ ಯಾಕೆ ಬರ್ತಿದ್ರಿ?”

ಮೈದಾನದ ಗದ್ದಲವೆಲ್ಲ ದೂರ ಹೋದಂತಾಯಿತು. ನೋರೆಲಿಗೆ ಖುಷಿಯಾಗಬೇಕಿತ್ತು. ಖುಷಿಯಾಯಿತು ಕೂಡ, ಎಲ್ಲೋ ಒಳಗೆ, ಆದರೆ ಅದಕ್ಕಿಂತ ಮುಂಚೆ ಬಂದದ್ದು ಬೇರೆ.

“ಇದು ನನ್ನ ಹೊಟ್ಟೆಪಾಡು ಫಾಬೆರ್. ಈ ಜಾಕೀಟು ಸಿಗದಿದ್ರೆ ನಾಳೆ ಮತ್ತೆ ಗಲ್ಲ ಎತ್ತಿ, ನಗಬೇಡಿ. ನಿಮಗೆ ಮಾತಾಡೋಕೆ ಜೊತೆ ಬೇಕು ಅಂತ ನನ್ನ ಒಂದು ತಿಂಗಳನ್ನ ಕೌಂಟರ್ ಕೆಳಗೆ ಬಚ್ಚಿಟ್ರಾ?”

ಅವಳು ಯಾರ ಮುಂದೆಯೂ ಇಷ್ಟುದ್ದ ಮಾತಾಡಿದವಳಲ್ಲ. ಒಳಗೆ ನಡೆಯಬೇಕಿದ್ದ ಜಗಳ ಹೊರಗೆ ನಡೆದುಬಿಟ್ಟಿತ್ತು. ಬೇಲಿಯ ಹತ್ತಿರ ಕೊಡೆ ಹಿಡಿದು ಕೂತಿದ್ದ ಇಬ್ಬರು ಅಮ್ಮಂದಿರು ಮಾತು ನಿಲ್ಲಿಸಿ ಇವರನ್ನೇ ನೋಡಿದರು.

“ತಪ್ಪು ಮಾಡಿದೆ,” ಎಂದ ಫಾಬೆರ್. “ನಾಳೆಯೇ ಪಂದ್ಯ ಅಂತ ನೀವು ಹೇಳಿದಾಗ ನನ್ನ ಎದೆ ನಿಂತುಹೋಯ್ತು. ನಿನ್ನೆ ಇಡೀ ಸಂಜೆ ಇದನ್ನ ಬಿಚ್ಚಿ ಕೂತಿದ್ದೆ. ಬೈರಿ. ಆದ್ರೆ ಮೊದಲು ಇದನ್ನ ತಗೊಂಡು ಉಳಿದ ಸುತ್ತು ಮುಗಿಸಿ.”

ಅವನು ಬೇಲಿಯ ಮೇಲಿಂದ ಚೀಲ ಚಾಚಿದ.

ನೋರೆಲಿ ಚೀಲ ನೋಡಿದಳು. ದಿಬ್ಬ ನೋಡಿದಳು. ಕೈಯಲ್ಲಿದ್ದ ಹೊಳೆಯುವ ಕಪ್ಪು ಪೆದ್ದನನ್ನು ನೋಡಿದಳು.

“ಬೇಡ. ಇದರ ಚಾಳಿ ಈಗ ನನಗೆ ಗೊತ್ತಾಗಿದೆ. ಆಟದ ಮಧ್ಯೆ ಹೊಸದರ ಜೊತೆ ಹೆಣಗೋಕೆ ಆಗಲ್ಲ.”

ಫಾಬೆರ್‌ನ ಮುಖ ಇಳಿಯಿತು. ಚೀಲ ವಾಪಸ್ಸು ಎದೆಗೆ ಬಂತು. ಅವನು ಹೊರಡಲಿಲ್ಲ. ಮೆಲ್ಲಗೆ ಕೇಳಿದ, “ಒಂದು ಮಾತು. ಬೈಬೇಡಿ. ದೊನ್ಯಾ ಓಫಿರ್ ಅಂಗಡಿ ನಾಲ್ಕು ಹೆಜ್ಜೆ ದೂರ. ಮೊದಲನೇ ಶನಿವಾರವೇ ನೀವು ಅಲ್ಲಿಗೆ ಯಾಕೆ ಹೋಗ್ಲಿಲ್ಲ?”

ನೋರೆಲಿ ಬಾಯಿ ತೆರೆದಳು.

ಉತ್ತರ ಅವಳಿಗೇ ಆಗ ತಾನೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಧ್ವನಿವರ್ಧಕದ ಗಂಡಸು ಅವಳನ್ನು ಕಾಪಾಡಿದ. ಅವಳು ಸರಕ್ಕನೆ ದಿಬ್ಬದ ಕಡೆ ತಿರುಗಿದಳು. ಅವಳಿಗೆ ಆ ಇಂಗ್ಲಿಷಿನ ಮೇಲೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

*

ಮಧ್ಯಾಹ್ನ ಡೇರೆಯ ನೆರಳಲ್ಲಿ ಎದಿಲ್ಮಾ ಟೀಚರ್ ಕನ್ನಡಕ ಹಾಕಿಕೊಂಡು ಪಟ್ಟಿ ಹಿಡಿದು ಕೂತರು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಫೋಟೊ ಸರಿಸುತ್ತಾ ಒಂದೊಂದು ನಂಬರಿಗೂ ಗೀಟು ಎಳೆದರು. ನೋರೆಲಿ ಎದುರು ನಿಂತು ಉಗುರು ಕಚ್ಚಿದಳು. ಇಷ್ಟು ಕಡಿಮೆ ಫೋಟೊ ತೆಗೆದವರನ್ನು ತಾನು ನೋಡಿಲ್ಲ, ಹಿಂದಿನವನು ಒಂದೇ ಪಂದ್ಯಕ್ಕೆ ಎರಡು ಸಾವಿರ ತೆಗೆಯುತ್ತಿದ್ದ ಎಂದು ಟೀಚರ್ ಗೊಣಗಿದರು.

ನೂರ ಮೂವತ್ತೊಂಬತ್ತು ಗೀಟು.

“ಎಪ್ಪತ್ತೆರಡು ಎಲ್ಲಿ?”

ಎಪ್ಪತ್ತೆರಡು, ಕೊನೆಯಲ್ಲಿ ನಿಂತು ತುಳಿಯುತ್ತಿದ್ದ ಆ ಪುಟ್ಟ ಹುಡುಗಿ. ಮೊದಲ ಸುತ್ತಿನಲ್ಲಿ ಕೆಂಪು ದೀಪ. ಎರಡನೆಯದರಲ್ಲಿ ಫಾಬೆರ್ ಬಂದ ಹೊತ್ತು, ಬೇಗ ಒತ್ತಿಬಿಟ್ಟ ಗುಂಡಿ. ಮೂರನೆಯದರಲ್ಲಿ... ನೋರೆಲಿ ಕ್ಯಾಮೆರಾ ಕಸಿದುಕೊಂಡು ಒಂದೊಂದಾಗಿ ಹಿಂದಕ್ಕೆ ಸರಿಸಿದಳು. ಇಲ್ಲ. ಇಲ್ಲ. ಇಲ್ಲ.

ಇದೆ.

ಇನ್ನೊಂದು ಮಗುವಿನ ಫೋಟೊ ಎಂದು ಟೀಚರ್ ದಾಟಿ ಹೋಗಿದ್ದರು. ಅದರ ಎಡ ಅಂಚಿನಲ್ಲಿ, ಎಪ್ಪತ್ತೆರಡು ನಂಬರಿನ ಸೈಕಲ್ ನೆಲ ಬಿಟ್ಟು ಒಂದು ಗೇಣು ಮೇಲಿತ್ತು. ಮಗುವಿನ ನಾಲಿಗೆ ಹೆಲ್ಮೆಟ್ಟಿನ ಸಂದಿಯಿಂದ ಹೊರಗೆ ಬಂದಿತ್ತು. ಎದುರಿಗಿದ್ದ ಯಾರನ್ನೂ ಅವಳು ನೋಡುತ್ತಿರಲಿಲ್ಲ. ಹಾರಿದ್ದೇ ಸಾಕು ಎಂಬಂಥ ಮುಖ.

ಟೀಚರ್ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದರು. “ಇವಳು ಹಾರ್ತಾಳೆ ಅಂತ ನನಗೇ ಗೊತ್ತಿರಲಿಲ್ಲ,” ಎಂದು ಕೊನೆಯ ಗೀಟು ಎಳೆದರು. ಆಮೇಲೆ ನೋರೆಲಿ ಬಿಚ್ಚಿ ಕೊಡಲು ಹೊರಟ ಜಾಕೀಟನ್ನು ನೋಡಿ ಮುಖ ಸಿಂಡರಿಸಿದರು.

“ಆ ಧೂಳಿನ ಮುದ್ದೆ ನನಗ್ಯಾಕೆ? ಒಗೆದು, ಮುಂದಿನ ಭಾನುವಾರ ಹಾಕ್ಕೊಂಡು ಬಾ.”

ಅಷ್ಟೇ. ನೋರೆಲಿ ಜಾಕೀಟನ್ನು ಮತ್ತೆ ಹೆಗಲಿಗೇರಿಸಿಕೊಂಡಳು.

ಪಂದ್ಯ ನೋಡಲು ಅಮ್ಮನ ಜೊತೆ ಬಂದಿದ್ದ ಸಿರ್ಲೆ ಓಡಿಬಂದು ಕುತ್ತಿಗೆಗೆ ಜೋತುಬಿದ್ದಳು. ಹಾಗೇ ಕಿವಿಯಲ್ಲಿ, “ಅಕ್ಕಾ, ಆ ಉದ್ದ ಮನುಷ್ಯ ಬೆಳಗ್ಗೆಯಿಂದ ಬೇಲಿ ಹಿಡ್ಕೊಂಡು ನಿಂತಿದಾನೆ. ಅಮ್ಮ ಎರಡು ಸಲ ಹೋಗಿ ಅವನ ಮನೆ, ಮಠ ಎಲ್ಲಾ ವಿಚಾರಿಸ್ಕೊಂಡು ಬಂದ್ಲು,” ಎಂದಳು.

ನೋರೆಲಿ ಕಣ್ಣು ಮುಚ್ಚಿಕೊಂಡಳು. ಇದೊಂದು ಬಾಕಿಯಿತ್ತು.

ಅವನು ನಿಜವಾಗಿಯೂ ಅಲ್ಲೇ ಇದ್ದ. ಮೂಗು ಬಿಸಿಲಿಗೆ ಸುಟ್ಟು ಕೆಂಪಾಗಿತ್ತು. ಜನ ಡೇರೆಗಳನ್ನು ಕಳಚುತ್ತಿದ್ದರು. ಅವಳು ಬೇಲಿಯ ಬಾಗಿಲಿನಿಂದ ಸುತ್ತಿಕೊಂಡು ಬಂದು ಅವನ ಪಕ್ಕದಲ್ಲಿ, ಒಂದು ಹೆಜ್ಜೆ ಬಿಟ್ಟು, ನಿಂತಳು. ನಡುವೆ ತಂತಿ ಇರಲಿಲ್ಲ ಎಂಬುದೇ ಒಂಥರಾ ಮುಜುಗರ.

“ಸಿಕ್ಕಿತು,” ಎಂದಳು.

“ನೋಡಿದೆ.” ಅವನು ನಗಲು ಧೈರ್ಯ ಸಾಲದೆ ನಿಂತಿದ್ದ. “ನನ್ನ ಸಹಾಯ ಇಲ್ದೇನೇ ಸಿಕ್ಕಿತು.”

“ನಿಮ್ಮ ಅಡ್ಡಿ ಇದ್ರೂ ಸಿಕ್ಕಿತು. ಅದು ದೊಡ್ಡದು.”

“ಹೂಂ.”

‘ಅಬ್ಬ, ಒಂದು ಹೂಂ ಬಂತು!’ ಎಂದುಕೊಂಡಳು. ಆಮೇಲೆ ನೋರೆಲಿ, ತನ್ನ ಬೂಟಿನ ತುದಿ ನೋಡುತ್ತಾ, ಬೆಳಗ್ಗೆ ಅವನು ಕೇಳಿದ್ದಕ್ಕೆ ಉತ್ತರ ಹೇಳಿದಳು.

“ದೊನ್ಯಾ ಓಫಿರ್ ಅಂಗಡಿ ಮೊದಲನೇ ದಿನವೇ ಕಂಡಿತ್ತು ನನಗೆ. ಅವರು ಕಾಫಿ ಕೊಡಲ್ಲ. ನಕ್ಕರೆ ಅವರ ವಯಸ್ಸೂ ಕಮ್ಮಿಯಾಗಲ್ಲ.”

ಫಾಬೆರ್ ಅವಳ ಕಡೆ ತಿರುಗಿದ. ಅವನ ಸುಟ್ಟ ಮೂಗಿನ ಮೇಲೆ ಬೆವರಿನ ಹನಿ ನಿಂತಿತ್ತು. ಒರೆಸಿಕೊಳ್ಳುವುದನ್ನೂ ಮರೆತಿದ್ದ.

“ಅಂದ್ರೆ... ಕೋಪ ಹೋಯ್ತಾ?”

“ಇಲ್ಲ. ತುಂಬಾ ಇದೆ.”

“ಎಷ್ಟು ದಿನ ಇರುತ್ತೆ?”

“ನನಗೇನು ಗೊತ್ತು? ದಿನಾ ಬಂದು ನೋಡ್ಕೊಂಡು ಹೋಗಿ.”

“ದಿನಾನಾ?” ಅವನು ಗಾಬರಿಯಾದ. “ಅಂಗಡಿ?”

“ಮುಚ್ಚಿ ಬನ್ನಿ,” ಎಂದಳು ನೋರೆಲಿ, ಅವನ ಕೈಯಿಂದ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಾ. “ಹೇಗೂ ನೀವು ಏನೂ ಮಾರಲ್ಲ.”